ಲೆನ್ಸಿನ ಮುಚ್ಚಳ

ಮರುಭೂಮಿಯ ಕಮರಿಗೆ ಇಳಿಯುವಾಗ ಕ್ಯಾಮೆರಾದ ಲೆನ್ಸು ತನ್ನ ಮುಚ್ಚಳವನ್ನು ಹಂಗಿಸಿತು: "ಇಷ್ಟು ದೂರ ಬಂದು ನೀನು ಕಂಡದ್ದು ಜೇಬಿನ ಕತ್ತಲೆ. ಒಂದು ಚಿತ್ರಕ್ಕಾದರೂ ಬೇಕಾದೆಯಾ?"

"ಇಲ್ಲ ಅಕ್ಕ. ಒಂದರಲ್ಲಾದರೂ ಇರಬೇಕೆಂಬ ಆಸೆಯಿದೆ," ಎಂದಿತು ಮುಚ್ಚಳ.

ಕಮರಿಯ ತಳದಲ್ಲಿ, ಎಂದೋ ಬತ್ತಿದ ನೀರಿನ ಅಲೆಗಳ ಗುರುತು ಕಲ್ಲಾಗಿ ಉಳಿದಿತ್ತು. ಛಾಯಾಗ್ರಾಹಕಿ ಪದ್ಮಾವತಿ ಮೂರು ಸಲ ಚಿತ್ರ ತೆಗೆದಳು. ಬೆರಳಿನಷ್ಟು ದಪ್ಪದ ಆ ಅಲೆಗಳು ಮೂರರಲ್ಲೂ ಬೆಟ್ಟಸಾಲಿನಂತೆ ಕಂಡವು.

"ಕಂಡದ್ದನ್ನೇ ತೋರಿಸಿದ್ದೇನೆ. ನನ್ನ ತಪ್ಪೇನು?" ಎಂದು ಲೆನ್ಸು ಗೊಣಗಿತು.

ಪದ್ಮಾವತಿ ಜೇಬಿನಿಂದ ಮುಚ್ಚಳವನ್ನು ತೆಗೆದು ಅಲೆಗಳ ಪಕ್ಕದಲ್ಲಿಟ್ಟಳು.

"ನನ್ನ ಗಾತ್ರ ಎಲ್ಲರಿಗೂ ಗೊತ್ತು. ನನ್ನನ್ನು ಸರಿಯಾಗಿ ನೋಡು ಅಕ್ಕ, ಇವುಗಳ ಗಾತ್ರವೂ ತಿಳಿಯಲಿ," ಎಂದಿತು ಮುಚ್ಚಳ, ಬಿಸಿಲಿನಲ್ಲಿ ಮೈಚಾಚಿ.

ಲೆನ್ಸು ನೋಡಿತು. ನಾಲ್ಕನೆಯ ಚಿತ್ರ ಬಂದಮೇಲೆ ಪದ್ಮಾವತಿ ಹಿಂದಿನ ಮೂರನ್ನೂ ಅಳಿಸಿದಳು.