ಹಸಿರು ಕಲ್ಲಿನ ಕೊರಳಪಟ್ಟಿ

ಏಳು ಕೆರೆ, ಎಂಟು ಕೋಡಿ, ನಡುವೆ ಒಂದು ರಾಜ್ಯ. ರಾಜ್ಯಕ್ಕೊಬ್ಬ ರಾಜ, ಹೆಸರು ಉದ್ದಂಡರಾಯ. ಹೆಸರು ಕೇಳಿ ಹೆದರಬೇಡಿ ಮಕ್ಕಳೇ, ಮನುಷ್ಯ ಕೆಟ್ಟವನಲ್ಲ. ಸೋಮಾರಿ, ಅಷ್ಟೆ. ಕೆಟ್ಟವರು ಮಾಡುವ ಕೇಡಿಗಿಂತ ಒಳ್ಳೇ ಸೋಮಾರಿಗಳು ಮಾಡುವ ಕೇಡೇ ಹೆಚ್ಚು ಅಂತ ನಾನು ಹೇಳುತ್ತೇನೆ. ಕತೆ ಕೇಳಿ, ಆಮೇಲೆ ಬೇಕಾದರೆ ಜಗಳಕ್ಕೆ ಬನ್ನಿ.

ಆ ರಾಜನಿಗೊಂದು ಹೆಣ್ಣುನಾಯಿ ಇತ್ತು. ಮೈಬಣ್ಣ ಹುರಿದ ಜೀರಿಗೆಯ ಹಾಗೆ. ಅದಕ್ಕೇ ಅದರ ಹೆಸರೂ ಜೀರಿಗೆ. ಒಮ್ಮೆ ಬೇಟೆಯಲ್ಲಿ ಕಾಡುಹಂದಿ ರಾಜನ ಮೇಲೆ ನುಗ್ಗಿದಾಗ ಅಡ್ಡ ನಿಂತದ್ದು ಇದೇ ಜೀರಿಗೆ. ಕಾವಲಿನವರೆಲ್ಲ ಮರ ಹತ್ತಿದ್ದರು. ಅವತ್ತು ರಾಜ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಣ್ಣೀರು ಹಾಕಿ, "ನೀನಿರೋವರೆಗೂ ನಿನ್ನ ಯೋಗಕ್ಷೇಮ ನನ್ನದು" ಅಂದಿದ್ದ. ಹೇಳುವಾಗ ಅವನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

ಜೀರಿಗೆಯನ್ನು ನೋಡಿಕೊಳ್ಳಲು ದೊಡ್ಡೀರಿ ಅಂತ ಒಬ್ಬ ಹೆಂಗಸು ಇದ್ದಳು. ಕುದುರೆ ಲಾಯದ ಪಕ್ಕ ನಾಯಿಗೂಡು, ಗೂಡಿನ ಪಕ್ಕ ಅವಳ ಒಲೆ. ದಿನಾ ಬೆಳಿಗ್ಗೆ ಅವಳದು ಮೂರು ಕೆಲಸ. ಮೂಗಿಗೆ ಅಂಗೈ ಇಟ್ಟು ನೋಡುವಳು. ತುಟಿ ಎತ್ತಿ ವಸಡು ನೋಡುವಳು. ಕೊನೆಗೆ ಹಿತ್ತಲಿಗೆ ಹೋಗಿ, ಅದು ಕೂತೆದ್ದ ಜಾಗ ನೋಡುವಳು. "ಥೂ, ಏನಮ್ಮ ಇದು!" ಅಂತ ಲಾಯದವರು ಮೂಗು ಮುಚ್ಚಿಕೊಂಡರೆ, "ಬಾಯಿಲ್ಲದ ಜೀವ ಕಣ್ರಪ್ಪ, ಹಿಂಗಲ್ದೆ ಇನ್ನೆಂಗೆ ಹೇಳ್ಕಂಡಾತು?" ಅನ್ನುವಳು. ಬೇರೆ ಕತೆಗಳಲ್ಲಿ ಪ್ರಾಣಿಗಳು ಮಾತಾಡುತ್ತವೆ. ಜೀರಿಗೆ ಮಾತಾಡುತ್ತಿರಲಿಲ್ಲ. ಆಡಿದ್ದರೆ ನಾನು ಈ ಕತೆ ಹೇಳುವ ಗತಿ ಬರುತ್ತಿರಲಿಲ್ಲ.

ಹೀಗಿರುವಾಗ ಆ ಊರಿಗೆ ತಿರುಗಣಿ ತಿಪ್ಪರಾಜ ಅನ್ನುವವನು ಬಂದ. ಕತ್ತೆಯ ಮೇಲೆ ಎರಡು ಮೂಟೆ, ಬಾಯಲ್ಲಿ ಹತ್ತು ಮೂಟೆ. ಆಸ್ಥಾನದಲ್ಲಿ ನಿಂತು ಒಂದು ಕೊರಳಪಟ್ಟಿ ಎತ್ತಿ ಹಿಡಿದ. ನಡುವೆ ನಿಂಬೆಹಣ್ಣಿನ ಗಾತ್ರದ ಕಪ್ಪು ಕಲ್ಲು.

ಬದುಕಿದ್ದ ಮೊಲದ ಕತ್ತಿಗೆ ಕಟ್ಟಿದ. ಕಲ್ಲು ಹಸಿರಾಯಿತು. ಸತ್ತ ಕೋಳಿಯ ಕತ್ತಿಗೆ ಕಟ್ಟಿದ. ಕಲ್ಲು ಕಪ್ಪಾಯಿತು. ಜೀರಿಗೆಯ ಕತ್ತಿಗೆ ಕಟ್ಟಿದ. ಫಳ್ಳನೆ ಹಸಿರು!

"ಪ್ರಭುಗಳೇ, ಹಸಿರಿದ್ದರೆ ಆರೋಗ್ಯ. ಕಾಯಿಲೆ ಬಂದರೆ ಕೆಂಪು. ನೀವು ಉಪ್ಪರಿಗೆಯಲ್ಲಿ ಕೂತೇ ನೋಡಬಹುದು" ಅಂತ ಒಂದು ದುರ್ಬೀನನ್ನೂ ಕೈಗಿತ್ತ.

ಕೆಂಪಾಗುವುದನ್ನು ಯಾರೂ ನೋಡಲಿಲ್ಲ. ತೋರಿಸು ಅಂತ ಯಾರೂ ಕೇಳಲೂ ಇಲ್ಲ. ರಾಜನಿಗಂತೂ ಮಹದಾನಂದ. ದಿನಾ ಮೆಟ್ಟಿಲಿಳಿದು ನಾಯಿಗೂಡಿಗೆ ಹೋಗುವ ಕೆಲಸ ತಪ್ಪಿತಲ್ಲ! ತಿಪ್ಪರಾಜನಿಗೆ ಶಾಲು ಹೊದಿಸಿ ಸಿಂಹಾಸನದ ಪಕ್ಕದಲ್ಲೇ ಜಾಗ ಕೊಟ್ಟ. ಅವನು ಅಲ್ಲಿ ಕೂತು ಮೊದಲು ಕೇಳಿದ್ದು ಒಂದು ಆಜ್ಞೆ. ಕಲ್ಲು ಕೆಂಪಾಗದೆ ಅರಮನೆಯ ಪ್ರಾಣಿಗೆ ಯಾರೂ ಮದ್ದು ಮಾಡಕೂಡದು, ಮಾಡಿದವರ ಕೈ ಕಡಿಯಬೇಕು. "ಕಲ್ಲನ್ನು ನಂಬದೆ ಮದ್ದು ಹಾಕಿದರೆ ಕಲ್ಲಿನ ಶಕ್ತಿ ಹೋಗುತ್ತೆ ಪ್ರಭು" ಅಂದ. ರಾಜ ಹೂಂ ಅಂದ. ಡಂಗುರವೂ ಆಯಿತು.

ಅಲ್ಲಿಂದ ಆ ಊರಲ್ಲಿ ಒಂದು ಹೊಸ ಪದ್ಧತಿ. ದಿನಾ ಬೆಳಿಗ್ಗೆ ಡಂಗುರದವನು ನಾಯಿಗೂಡಿನ ಬಾಗಿಲಲ್ಲಿ ಇಣುಕಿ, ಬೀದಿ ಬೀದಿಯಲ್ಲಿ ಸಾರಬೇಕು. "ಕೇಳ್ರಪ್ಪೋ ಕೇಳ್ರಿ! ಇವತ್ತೂ ಜೀರಿಗೆ ಹಸಿರು!" ಊರಿನವರು ಹಲ್ಲುಜ್ಜುತ್ತ ಕೇಳಿ ಸಮಾಧಾನಪಡುವರು. ರಾಜನ ನಾಯಿಗಿದ್ದದ್ದು ತಮ್ಮ ಮನೆಯ ಬೆಕ್ಕಿಗೆ, ಗಿಳಿಗೆ, ಎಮ್ಮೆಗೆ ಬೇಡವೇ? ಎಲ್ಲರೂ ತಿಪ್ಪರಾಜನಿಂದ ಪಟ್ಟಿ ಕೊಂಡು ಕಟ್ಟಿದರು. ಬಾವಿಕಟ್ಟೆಯಲ್ಲಿ ಹೆಂಗಸರಿಗೆ ಅದೇ ಮಾತು. "ನಮ್ಮ ಬೆಕ್ಕಿಂದು ನಿಮ್ಮದಕ್ಕಿಂತ ಹಸಿರು ಕಣ್ರೀ." ಬೆಕ್ಕು ಎಲ್ಲಿದೆ ಅಂದರೆ, "ಇರಬೇಕು ಇಲ್ಲೇ ಎಲ್ಲೋ" ಅನ್ನುವರು.

ದೊಡ್ಡೀರಿ ಮಾತ್ರ ಮೂಗು, ವಸಡು, ಹಿತ್ತಲು ಬಿಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ, ಅವಳ ಮಾತು ಯಾರಿಗೆ ಬೇಕು?

ಒಂದು ದಿನ ಜೀರಿಗೆ ಅರ್ಧ ಅನ್ನ ಬಿಟ್ಟಿತು. ದೊಡ್ಡೀರಿ ಉಪ್ಪರಿಗೆ ಹತ್ತಿ ಕೈಮುಗಿದಳು.

"ಬುದ್ಧಿ, ಜೀರಿಗೆ ಒಂದೇ ಕಡೆ ದವಡೇಲಿ ಅಗೀತಾ ಐತೆ. ಬಾಯಲ್ಲೇನೋ ನೋವೈತೆ. ಒಸಿ ಇಳಿದು ಬಂದು ನೋಡಿ."

ರಾಜ ಎದ್ದೇಳಲಿಲ್ಲ. ದುರ್ಬೀನು ಎತ್ತಿ ನೋಡಿದ. "ಹಸಿರಿದೆಯಲ್ಲ ದೊಡ್ಡೀರಿ. ಹೋಗು, ಹೋಗು."

ಮೂರು ದಿನ ಕಳೆಯಿತು. ಜೀರಿಗೆಯ ಬಾಯಿಂದ ಜೊಲ್ಲು, ಜೊಲ್ಲಿನಲ್ಲಿ ಕೀವಿನ ವಾಸನೆ. ದೊಡ್ಡೀರಿ ಅದರ ಬಾಯಿ ಅಗಲಿಸಿದಳು. ದವಡೆಹಲ್ಲಿನ ಪಕ್ಕ ಮೂಳೆಯ ಚೂರೊಂದು ನೆಟ್ಟಗೆ ನಾಟಿಕೊಂಡಿತ್ತು. ಬೆರಳು ಹಾಕಿ ಎಳೆದಳು. ಬರಲಿಲ್ಲ. ಅಷ್ಟು ನೋವಿನಲ್ಲೂ ಜೀರಿಗೆ ಕಚ್ಚಲಿಲ್ಲ, ಅವಳ ಬೆರಳನ್ನು ನೆಕ್ಕಿತು. ಅವಳು ಓಡಿದ್ದು ದನದ ವೈದ್ಯನ ಮನೆಗೆ.

"ಇಕ್ಕಳ ಹಾಕಿ ಒಂದು ಸಲ ಎಳೆದರೆ ಬಂದುಬುಡ್ತದೆ ಕಣವ್ವ" ಅಂದ ವೈದ್ಯ. "ಆದ್ರೆ ಕಲ್ಲು ಕೆಂಪಾಗಿಲ್ವಲ್ಲ. ನನ್ನ ಕೈ ಹೋದ್ರೆ ಮನೇಲಿ ಐದು ಬಾಯಿಗೆ ಗಂಜಿ ಹಾಕೋರ್ಯಾರು? ದೊರೆ ಒಂದು ಮಾತು ಹೇಳ್ಲಿ, ಈಗಲೇ ಬತ್ತೀನಿ."

ಅವಳು ಮತ್ತೆ ಉಪ್ಪರಿಗೆ ಹತ್ತಿದಳು. "ಬುದ್ಧಿ, ಮೂಳೆ ನಾಟ್ಕಂಡೈತೆ, ಕೀವಾಗೈತೆ. ಒಂದು ಮಾತು ಹೇಳಿ, ವೈದ್ಯ ಬತ್ತಾನೆ."

ರಾಜ ತಿಪ್ಪರಾಜನ ಮುಖ ನೋಡಿದ. ತಿಪ್ಪರಾಜ ದುರ್ಬೀನಿನಲ್ಲಿ ನೋಡಿ ನಕ್ಕ. "ಪ್ರಭು, ನಿನ್ನೆಗಿಂತ ಇವತ್ತು ಹಸಿರು ಹೆಚ್ಚಾಗಿದೆ. ಈ ಹೆಂಗಸಿಗೆ ತನ್ನ ಕೆಲಸ ಹೋದೀತು ಅಂತ ಹೊಟ್ಟೆಕಿಚ್ಚು." ರಾಜನೂ ನಕ್ಕ.

ಇನ್ನೂ ಎರಡು ದಿನ ಕಳೆಯಿತು. ಜೀರಿಗೆಯ ಮೈ ಕಾದ ಹಂಚಾಯಿತು. ಮಲಗಿದಲ್ಲೇ ಉಸಿರು ಸೇದುತ್ತಿತ್ತು. ಆದರೆ ಕಲ್ಲು! ಅಂಥ ಹಸಿರನ್ನು ಆ ರಾಜ್ಯ ಕಂಡಿರಲೇ ಇಲ್ಲ. ಬಿಸಿಲಿಗೇ ಸವಾಲು ಹಾಕುವ ಹಾಗೆ ಉರಿಯುತ್ತಿತ್ತು. ಡಂಗುರದವನ ಗಂಟಲು ಬಿದ್ದುಹೋಯಿತು. ರಾಜ ಹಿಗ್ಗಿಹೋಗಿ ಊರಿಗೆಲ್ಲ ಹೋಳಿಗೆ ಹಂಚಿಸಿದ. ದೊಡ್ಡೀರಿ ಮೂರನೇ ಸಲ ಹತ್ತಿಬಂದು, ಈ ಸಲ ಕಾಲಿಗೇ ಬಿದ್ದಳು.

"ಬುದ್ಧಿ, ಸಾಯ್ತಾ ಐತೆ. ನಿಮ್ಮ ಜೀವ ಉಳಿಸಿದ ಜೀವ. ಇಳಿದು ಬನ್ನಿ."

"ಶುಭದಿನದಲ್ಲಿ ಅಪಶಕುನ ನುಡೀಬೇಡ!" ಅಂತ ರಾಜ ರೇಗಿದ. "ನಾಳೆ ತಿಪ್ಪರಾಜನಿಗೆ ಆಸ್ಥಾನದಲ್ಲಿ ಸನ್ಮಾನ. ಜೀರಿಗೆಗೆ ಮೈ ತೊಳೆಸಿ ಕರಕೊಂಡು ಬಾ."

ಮಾರನೆಯ ಬೆಳಗಿನ ಜಾವ ಜೀರಿಗೆ ಸತ್ತುಹೋಯಿತು. ಒಂದು ಇಕ್ಕಳ, ಒಂದು ಎಳೆತ. ಅಷ್ಟು ಸಾಕಿತ್ತು ಮಕ್ಕಳೇ. ನನಗೆ ಇದನ್ನು ಹೇಳುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ದೊಡ್ಡೀರಿ ಅಳುತ್ತ ಪಟ್ಟಿ ಬಿಚ್ಚಿದಳು. ಮೈ ತಣ್ಣಗಾದಂತೆ ಕಲ್ಲು ಕಪ್ಪಾಗಿತ್ತು. ಸಿಟ್ಟಿನಲ್ಲಿ ಅದನ್ನು ಮೂಲೆಗೆ ಎಸೆದಳು. ಬಿದ್ದದ್ದು ಒಲೆಯ ಪಕ್ಕ. ನೋಡುತ್ತಾಳೆ, ಕಲ್ಲು ಹಸಿರಾಗುತ್ತಿದೆ! ತೆಗೆದು ನೀರಿಗೆ ಹಾಕಿದಳು. ಕಪ್ಪು. ಮತ್ತೆ ಒಲೆಯ ಪಕ್ಕ ಇಟ್ಟಳು. ಹಸಿರು. ಕಲ್ಲಿಗೆ ಗೊತ್ತಿದ್ದದ್ದು ಕಾವು ಒಂದೇ. ಜ್ವರ ಏರಿದಷ್ಟೂ ಅದು ಹಸಿರಾಗಿತ್ತು, ರಾಜ ಹೋಳಿಗೆ ಹಂಚಿಸಿದ್ದ.

ಅವಳು ಕಣ್ಣೊರೆಸಿಕೊಂಡಳು. ಜೀರಿಗೆಯನ್ನು ಹುಣಸೆಮರದ ಬುಡದಲ್ಲಿ ಮಣ್ಣು ಮಾಡಿ ಬಂದಳು. ಗಡಿಗೆ ತುಂಬ ಗಂಜಿ ಕಾಯಿಸಿ, ಗಡಿಗೆಯ ಕಂಠಕ್ಕೆ ಆ ಪಟ್ಟಿ ಕಟ್ಟಿದಳು. ಬುಟ್ಟಿಯಲ್ಲಿಟ್ಟು, ಜೀರಿಗೆಯ ಕಂಬಳಿ ಹೊದಿಸಿ, ಕಲ್ಲು ಮಾತ್ರ ಹೊರಗೆ ಕಾಣುವಂತೆ ಬಿಟ್ಟಳು. ಡಂಗುರದವನು ಬಂದು ಬಾಗಿಲಲ್ಲೇ ಇಣುಕಿ, ಹಸಿರು ಕಂಡು, ಸಾರಿಕೊಂಡು ಹೋದ. ಅವಳು ಬುಟ್ಟಿ ಹೊತ್ತು ಆಸ್ಥಾನಕ್ಕೆ ಹೋದಳು.

"ಜೀರಿಗೆಗೆ ಯಾಕೆ ಮುಸುಕು?" ಅಂದ ರಾಜ.

"ಮೈ ತೊಳ್ದಿದ್ದೀನಿ ಬುದ್ಧಿ, ಗಾಳಿ ಸೋಕಬಾರ್ದು. ನಾನು ದಡ್ಡಿ, ಇಷ್ಟು ದಿನ ಕಲ್ಲನ್ನ ನಂಬಲಿಲ್ಲ. ಪಂಡಿತರು ಎಲ್ಲರ ಮುಂದೆ ಒಂದು ಸಲ ಓದಿ ಹೇಳಿಬಿಟ್ರೆ ತಪ್ಪಾಯ್ತು ಅಂತೀನಿ."

ತಿಪ್ಪರಾಜ ಶಾಲು ಸರಿಮಾಡಿಕೊಂಡು ಬಗ್ಗಿ ನೋಡಿದ.

"ಊಟ ಮಾಡೈತಾ ಸ್ವಾಮಿ?"

"ಹೊಟ್ಟೆ ತುಂಬ ಮಾಡಿದೆ."

"ನೋವು ಗೀವು ಐತಾ?"

"ಎಳ್ಳಷ್ಟೂ ಇಲ್ಲ."

"ಬದುಕ್ತದಾ?"

"ಇನ್ನೂ ಹತ್ತು ವರ್ಷ ಬಾಲ ಅಲ್ಲಾಡಿಸಿಕೊಂಡು ಬದುಕುತ್ತೆ! ಸುಳ್ಳಾದರೆ ಈ ಪಟ್ಟಿ ನನ್ನ ಕತ್ತಿಗೇ ಬೀಳಲಿ, ಆ ಗೂಡಿನಲ್ಲಿ ನಾನೇ ಬಿದ್ದಿರುತ್ತೇನೆ."

ದೊಡ್ಡೀರಿ ಕಂಬಳಿ ಎಳೆದಳು. ಗಂಜಿಗಡಿಗೆ ಹಬೆಯಾಡುತ್ತ ಕೂತಿತ್ತು. ಆಸ್ಥಾನದಲ್ಲಿ ಯಾರೋ ಕಿಸಕ್ಕನೆ ನಕ್ಕರು. ರಾಜನೂ ನಗಲು ಹೊರಟವನು ನಿಲ್ಲಿಸಿ, "ಜೀರಿಗೆ ಎಲ್ಲಿ?" ಅಂದ.

"ಮಣ್ಣಾಗೈತೆ ಬುದ್ಧಿ. ಇವತ್ತು ಬೆಳಿಗ್ಗೆ."

ರಾಜ ಕತ್ತಿ ಹಿರಿದ. "ಈ ಕಳ್ಳನ ತಲೆ ತೆಗೀತೀನಿ!" ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ದೊಡ್ಡೀರಿ ಅಡ್ಡ ಬಂದಳು. "ಬ್ಯಾಡಿ. ಅವರ ಬಾಯಲ್ಲೇ ಬಂದೈತಲ್ಲ, ಅಷ್ಟೇ ಮಾಡಿ. ಕಲ್ಲು ಕೆಂಪಾಗೋಗಂಟ ಮದ್ದು ಬ್ಯಾಡ."

ಪಟ್ಟಿ ತಿಪ್ಪರಾಜನ ಕತ್ತಿಗೆ ಬಿತ್ತು. ಅವನನ್ನು ಗೂಡಿಗೆ ಹಾಕಿದರು. ಮೊದಲ ದಿನ, "ಹೊಟ್ಟೆನೋವು, ವೈದ್ಯರನ್ನ ಕರೀರಿ" ಅಂದ. ಕಾವಲಿನವನು ಬಗ್ಗಿ ನೋಡಿ, "ಹಸಿರಿದೆಯಲ್ಲ ಸ್ವಾಮಿ" ಅಂದ. ಎರಡನೇ ದಿನ ವಾಂತಿ ಮಾಡಿಕೊಂಡ. "ಹಸಿರಿದೆಯಲ್ಲ ಸ್ವಾಮಿ." ಮೂರನೇ ದಿನ ಜ್ವರ ಏರಿತು. ಕಲ್ಲು ಧಗಧಗ ಅಂದಿತು. ಕಾವಲಿನವನಿಗೆ ಸಂತೋಷವೋ ಸಂತೋಷ. "ಇವತ್ತಂತೂ ಬಹಳ ಚೆನ್ನಾಗಿದ್ದೀರಿ!"

ಆ ಹೊಳಪಿನ ಅರ್ಥ ಊರಿಗೆಲ್ಲ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತಿತ್ತು. ಗೂಡಿನ ಸರಳು ಹಿಡಿದು ಕಿರುಚಿದ. "ಅದು ಬರೀ ಕಾವಿಗೆ ಬಣ್ಣ ತಿರುಗೋ ಕಲ್ಲು! ಅದಕ್ಕೆ ಕಾಯಿಲೆ ಗೊತ್ತಿಲ್ಲ, ನೋವು ಗೊತ್ತಿಲ್ಲ, ಏನೂ ಗೊತ್ತಿಲ್ಲ! ಯಾರಾದ್ರೂ ಒಬ್ಬರು ನನ್ನ ಮುಖ ನೋಡ್ರೋ!"

ಆಗ ದೊಡ್ಡೀರಿ ವೈದ್ಯನನ್ನು ಕರೆಸಿದಳು, ಗಂಜಿಯನ್ನೂ ಕುಡಿಸಿದಳು. ಕರುಣೆಯಿಂದ ಅಂದುಕೊಳ್ಳಬೇಡಿ. ಅದೇ ಗೂಡಿನಲ್ಲಿ ಇನ್ನೊಂದು ಜೀವ ಹಾಗೆ ಹೋಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಜ್ವರ ಬಿಟ್ಟ ಮೇಲೆ ತಿಪ್ಪರಾಜನನ್ನು ಕತ್ತೆಯ ಹಿಂದೆ ಕಟ್ಟಿ ಗಡಿ ದಾಟಿಸಿದರು. ಊರಿನವರು ಓಡೋಡಿ ಮನೆಗೆ ಹೋಗಿ ಪಟ್ಟಿ ಬಿಚ್ಚಿದರು. ಕೆಲವರಿಗೆ ಬೆಕ್ಕು ಸಿಕ್ಕಿತು. ಕೆಲವರಿಗೆ ಬೇಲಿಯಲ್ಲಿ ಬಿಸಿಲಿಗೆ ಕಾದು ಹಸಿರಾಗಿದ್ದ ಪಟ್ಟಿ ಮಾತ್ರ ಸಿಕ್ಕಿತು.

ಅವತ್ತು ಸಾಯಂಕಾಲ ಉದ್ದಂಡರಾಯ ಉಪ್ಪರಿಗೆಯಿಂದ ಇಳಿದು ಬಂದ. ಇದ್ದದ್ದು ಇಪ್ಪತ್ತೆರಡೇ ಮೆಟ್ಟಿಲು. ಹುಣಸೆಮರದ ಬುಡದಲ್ಲಿ ದೊಡ್ಡೀರಿ ಮಣ್ಣು ತಟ್ಟುತ್ತಿದ್ದಳು. ರಾಜ ಅವಳ ಪಕ್ಕ ಬಂದು ನಿಂತ.

"ಇಲ್ಲಿ ಅಮೃತಶಿಲೆಯ ಗುಡಿ ಕಟ್ಟಿಸ್ತೀನಿ" ಅಂದ.

ಅವಳು ಮಣ್ಣು ತಟ್ಟುತ್ತಲೇ ಇದ್ದಳು.

"ಮೋಸ ಹೋದೆ ದೊಡ್ಡೀರಿ."

"ನೀವು ಮೋಸ ಹೋದ್ರಿ ಬುದ್ಧಿ. ಜೀವ ಹೋಗಿದ್ದು ಅದರದ್ದು."

ರಾಜ ಅವಳ ಎದುರು ಮಣ್ಣಲ್ಲೇ ಕೂತ. ಸಣ್ಣ ದನಿಯಲ್ಲಿ ಕೇಳಿದ. "ಕೊನೇಲಿ... ನನ್ನ ನೆನೆಸಿತಾ?"

ಬೇರೆಯವರಾಗಿದ್ದರೆ ರಾಜನಿಗೆ ಸಮಾಧಾನವಾಗುವ ಮಾತು ಹೇಳುತ್ತಿದ್ದರು. ದೊಡ್ಡೀರಿಗೆ ಸುಳ್ಳು ಬರುತ್ತಿರಲಿಲ್ಲ.

"ಬಾಗಿಲ ಕಡೀಕೇ ಮುಖ ಮಾಡ್ಕಂಡು ಮಲಗಿತ್ತು ಬುದ್ಧಿ. ಯಾರದ್ದೇ ಹೆಜ್ಜೆ ಸದ್ದಾದ್ರೂ ಬಾಲ ಎತ್ತೋದು. ನೀವಲ್ಲ ಅಂತ ಗೊತ್ತಾದ್ರೆ ಇಳಿಸೋದು. ಬೆಳಗಿನ ಜಾವದವರೆಗೂ ಹಂಗೇ ಮಾಡ್ತು."

ರಾಜ ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಬುಟ್ಟಿ ಎತ್ತಿಕೊಂಡು ಎದ್ದು ಹೋದಳು.

ಇಲ್ಲಿಗೆ ಕತೆ ಮುಗಿಯಿತು, ನೀತಿ ಉಳಿಯಿತು. ಕೇಳಿಸಿಕೊಳ್ಳಿ ಮಕ್ಕಳೇ. ಪ್ರಾಣಿ ಸಾಕಿದ ಮೇಲೆ ಅದರ ಮುಖ ನೀವೇ ನೋಡಬೇಕು, ಮೈ ನೀವೇ ಮುಟ್ಟಬೇಕು. ಆ ಕೆಲಸವನ್ನು ಕಲ್ಲಿಗೋ ಯಂತ್ರಕ್ಕೋ ಒಪ್ಪಿಸಿ ಕೂತವರಿಗೆ ಮೋಸ ಮಾಡಲು ಕಳ್ಳನೇ ಬರಬೇಕಾಗಿಲ್ಲ. ಮೋಸ ಮಾಡಿದವನಿಗೆ ಶಿಕ್ಷೆ ಆಗಬಹುದು. ನಿಮಗಾಗಿ ಕಾದು ಸತ್ತದ್ದು ಮಾತ್ರ ತಿರುಗಿ ಬರುವುದಿಲ್ಲ.