ಕುರಿಗೆ ಹಾಕಿಸಿದ ಸೂಜಿ

"ಗುರುಗಳೇ, ಮಾಡಿ ಕೆಡಿಸುವುದಕ್ಕಿಂತ ಏನೂ ಮಾಡದೆ ಸುಮ್ಮನಿರುವುದು ಮೇಲಲ್ಲವೇ?" ಎಂದು ತಿಪ್ಪೇಶ ಕೇಳಿದ.

ಗುರುಗಳು ಅವನ ಮುಖ ನೋಡಿದರು. "ಎಲ್ಲಾ ಬಿಟ್ಟು ಇವತ್ತೇ ಈ ವೇದಾಂತ ಯಾಕಪ್ಪ? ಮಗನಿಗೆ ಲಸಿಕೆ ಹಾಕಿಸುವ ದಿನ ಬಂತೋ?"

ತಿಪ್ಪೇಶ ತಲೆ ತಗ್ಗಿಸಿದ. "ಹೌದು ಗುರುಗಳೇ. ನಾಳೆ ನರ್ಸಮ್ಮ ಬರುತ್ತಾರೆ. ಇನ್ನೂ ಎಳೆಗೂಸು. ಹಾಕಿಸಿ ಏನಾದರೂ ಆದರೆ ಆ ಪಾಪ ನನ್ನದು. ಹಾಕಿಸದೆ ಏನಾದರೂ ಆದರೆ ಅದು ದೈವೇಚ್ಛೆ."

"ಭಲೇ! ಪಾಪ ನಿನಗೆ ಬೇಡ, ದೇವರ ತಲೆಗೆ ಕಟ್ಟಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಂದೂರಲ್ಲಿ ಒಬ್ಬ ಕುರಿಗಾಹಿ ಇದ್ದ. ಕುರಿಯ ವಿಷಯದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಮಳೆ ಬಿದ್ದು ಹಸಿ ಹುಲ್ಲು ಚಿಗುರಿತೆಂದರೆ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಬೆಳಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಕಾಲು ಚಾಚಿರುತ್ತದೆ. ಅದಕ್ಕೆ ಅವನು ಮಳೆಗೆ ಮುಂಚೆಯೇ ದನದ ಡಾಕ್ಟರನ್ನು ಕರೆತಂದು ಮಂದೆಗೆಲ್ಲ ಸೂಜಿ ಹಾಕಿಸುತ್ತಿದ್ದ. ಒಂದೊಂದು ಕುರಿಯನ್ನೂ ತಾನೇ ತೊಡೆಸಂದಿಯಲ್ಲಿ ಅವುಚಿ ಹಿಡಿಯುತ್ತಿದ್ದ. ಸೂಜಿ ಬಿದ್ದ ಕುರಿಗಳು ಒಂದೆರಡು ದಿನ ಮಂಕಾಗುತ್ತಿದ್ದವು. "ಮೈ ಬಿಸಿಯಾಗಿದೆ, ಅಷ್ಟೇ. ನಾಳೆ ಮೇಯುತ್ತವೆ ಬಿಡ್ರೋ" ಎಂದು ಉಳಿದ ಕುರಿಗಾಹಿಗಳಿಗೆ ಅವನೇ ಧೈರ್ಯ ಹೇಳುತ್ತಿದ್ದ.

ಹರಕೆ ಹೊತ್ತು ಹೊತ್ತು ಸಾಕಾದ ಮೇಲೆ ಅವನಿಗೊಂದು ಹೆಣ್ಣು ಕೂಸು ಹುಟ್ಟಿತು. ಬೀರಮ್ಮ ಎಂದು ಹೆಸರಿಟ್ಟರು. ಆಗಲೇ ಪಕ್ಕದ ಮನೆಯ ಮಗು ಲಸಿಕೆ ಹಾಕಿಸಿಕೊಂಡು, ಜ್ವರ ಬಂದು, ದಿನವಿಡೀ ರಚ್ಚೆ ಹಿಡಿಯಿತು. ಅದನ್ನು ನೋಡಿ ಇವನು ಹೆದರಿಹೋದ. ನರ್ಸಮ್ಮ ಬರುವ ದಿನ ಬೀರಮ್ಮನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಂದೆಯ ಜೊತೆ ಗುಡ್ಡಕ್ಕೆ ಹೊರಟುಬಿಡುತ್ತಿದ್ದ. ಕೇಳಿದರೆ ಮಗು ಅಜ್ಜಿಯ ಊರಿಗೆ ಹೋಗಿದೆ ಎನ್ನಬೇಕೆಂದು ಹೆಂಡತಿಗೆ ಹೇಳಿಕೊಟ್ಟಿದ್ದ.

"ಅಲ್ಲಾ, ಕುರಿಮರಿಗೆ ಬೇಕಾದದ್ದು ನಮ್ಮ ಕೂಸಿಗೆ ಬೇಡವಾ?" ಎಂದು ಆಕೆ ಒಮ್ಮೆ ಕೇಳಿದಳು.

"ಕುರಿ ಹೋದರೆ ಇನ್ನೊಂದು ಕುರಿ ಬರುತ್ತೆ ಕಣೇ. ಇವಳು ಹೋದರೆ ಇನ್ನೊಬ್ಬಳು ಬರುತ್ತಾಳಾ? ನನ್ನ ಕೈಯಾರೆ ಇವಳನ್ನು ಸೂಜಿಗೆ ಒಡ್ಡಲಾರೆ."

ಕಲ್ಲೆದೆಯವನಲ್ಲ ತಿಪ್ಪೇಶ, ಅವನು. ಮಮತೆ ಹೆಚ್ಚಾಗಿಯೇ ಕೆಟ್ಟ. ಗುಡ್ಡದ ಮೇಲಿದ್ದ ಅಷ್ಟು ಜೀವಗಳಲ್ಲಿ ಮದ್ದಿನ ಕಾವಲಿಲ್ಲದ್ದು ಅವನಿಗೆ ಎಲ್ಲಕ್ಕಿಂತ ಬೇಕಾದ ಆ ಒಂದು ಜೀವಕ್ಕೆ ಮಾತ್ರ. ಅದು ಅವನಿಗೆ ಹೊಳೆಯಲೇ ಇಲ್ಲ.

ಬೀರಮ್ಮ ಮನೆ ತುಂಬ ಓಡಾಡಿಕೊಂಡಿದ್ದ ವರ್ಷ ಊರಿಗೆ ಗಂಟಲಮಾರಿ ಬಂತು. ಮಗುವಿನ ಕತ್ತು ಊದಿತು. ಹಾಲು ಒಳಗೆ ಇಳಿಯಲಿಲ್ಲ, ಆಮೇಲೆ ಉಸಿರೂ ಸಿಕ್ಕಿಕೊಳ್ಳತೊಡಗಿತು. ಅವನು ಎದೆಗವಚಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದ. "ಲಸಿಕೆ ಹಾಕಿಸಿದ್ದಿರಾ?" ಎಂದು ಡಾಕ್ಟರು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಅವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಹೊತ್ತು ಮೀರಿತ್ತು. ಬೀರಮ್ಮ ಉಳಿಯಲಿಲ್ಲ.

ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ.

ಮುಂದಿನ ಮಳೆಗೆ ಮುಂಚೆ ದನದ ಡಾಕ್ಟರು ತಾವಾಗಿಯೇ ಬಂದರು. ಅವನು ಎಂದಿನಂತೆ ಒಂದು ಮರಿಯನ್ನು ತೊಡೆಸಂದಿಯಲ್ಲಿ ಅವುಚಿ ಹಿಡಿದ. ಸೂಜಿ ಬಿತ್ತು, ಮರಿ ಒದರಿತು. ಅವನು ಅದನ್ನು ಬಿಡಲೂ ಇಲ್ಲ, ಏಳಲೂ ಇಲ್ಲ. ಅದರ ಬೆನ್ನಿಗೆ ಮುಖ ಒತ್ತಿಕೊಂಡು, "ನಿನ್ನ ಹಿಡಿದೆನಲ್ಲೇ, ಅವಳನ್ನ ಹಿಡಿಯಲಿಲ್ಲವಲ್ಲೇ!" ಎಂದು ಗೋಳಾಡಿದ. ಕೆಟ್ಟ ಮೇಲೆ ಬುದ್ಧಿ ಬಂದು ಏನು ಫಲ ಹೇಳು? ಇಂದಿಗೂ ಅವನ ಕೊರಗು ನಿಂತಿಲ್ಲ.

ತಿಪ್ಪೇಶ ಕಣ್ಣೊರೆಸಿಕೊಂಡ. "ಅಯ್ಯೋ ಪಾಪ! ಆದರೂ ಅವನು ಅಷ್ಟೊಂದು ಕೊರಗಬೇಕೇ ಗುರುಗಳೇ? ಅವನು ಏನೂ ಮಾಡಿರಲಿಲ್ಲವಲ್ಲ."

"ಏನೂ ಮಾಡಲಿಲ್ಲ ಅಂತಲೇ ಕೊರಗುತ್ತಿದ್ದಾನೆ ಕಣಪ್ಪ" ಎಂದರು ಗುರುಗಳು.