ಕೊಪ್ಪರಿಗೆ ಎಸೆಯದ ವ್ಯಾಪಾರಿ

"ಗುರುಗಳೇ, ಇಷ್ಟು ದಿನ ಆಕಾಶಕ್ಕೆ ರಾಕೆಟ್ ಹಾರಿಸುತ್ತಿದ್ದವರು ಸರ್ಕಾರದವರು. ಈಗ ವ್ಯಾಪಾರಿಗಳು ಹೊರಟಿದ್ದಾರೆ. ಲಾಭಕ್ಕೆಂದು ಹೊರಟವನಿಂದ ಲೋಕಕ್ಕೆ ಒಳ್ಳೆಯದಾಗುವುದುಂಟೇ?"

ಕೇಳಿದವನು ಮರುಳಸಿದ್ಧ. ಅಪ್ಪನ ಕಿರಾಣಿ ಅಂಗಡಿ ಬಿಟ್ಟು ಮಠ ಸೇರಿದವನು. ವ್ಯಾಪಾರವೆಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೂಗು ಮುರಿಯುತ್ತಿದ್ದ. ಗುರುಗಳು ಅವನ ಮೂಗನ್ನೇ ಒಮ್ಮೆ ನೋಡಿ ಕತೆ ಹೇಳಿದರು.

ಒಂದು ದೇಶದಲ್ಲಿ ಒಬ್ಬ ವ್ಯಾಪಾರಿಯಿದ್ದ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಬಂದ ನೆಂಟರಿಗೆ ಒಂದು ಲೋಟ ಮಜ್ಜಿಗೆ ಕೊಡಬೇಕಾದರೂ ಅವನ ಹೊಟ್ಟೆ ಉರಿಯುತ್ತಿತ್ತು. ಒಂದು ಸಲ ಅವನು ಸರ್ಕಾರದ ರಾಕೆಟ್ ಹಾರುವುದನ್ನು ನೋಡಲು ಹೋದ. ನೋಡಲು ಟಿಕೆಟ್ ಇರಲಿಲ್ಲ, ಅದಕ್ಕೇ ಹೋದ. ರಾಕೆಟ್ ಮೇಲೇರಿತು. ಜನರೆಲ್ಲ ಚಪ್ಪಾಳೆ ತಟ್ಟಿದರು. ವ್ಯಾಪಾರಿ ಮಾತ್ರ ಪಕ್ಕದಲ್ಲಿದ್ದವರನ್ನು ಕೇಳಿದ, "ಅದು ವಾಪಸ್ ಎಲ್ಲಿ ಇಳಿಯುತ್ತೆ?"

"ಇಳಿಯೋದೆಲ್ಲಿ ಬಂತು? ಕೆಲಸ ಆದಮೇಲೆ ಸಮುದ್ರಕ್ಕೆ ಬೀಳುತ್ತೆ" ಎಂದರು ಅವರು.

ವ್ಯಾಪಾರಿ ಮನೆಯ ದಾರಿ ಹಿಡಿದ. "ಊಟ ಆದಮೇಲೆ ಎಲೆ ಎಸೀತಾರೆ. ಯಾರಾದರೂ ಕೊಪ್ಪರಿಗೆ ಎಸೀತಾರಾ?" ಎಂದು ದಾರಿಯುದ್ದಕ್ಕೂ ಗೊಣಗಿಕೊಂಡ. ಹೋಗಿ ಬರುವ ರಾಕೆಟ್ ಒಂದನ್ನು ಕಟ್ಟಿದರೆ ಲೋಕದ ಗಿರಾಕಿಗಳೆಲ್ಲ ತನ್ನ ಬಾಗಿಲಿಗೇ ಬರುತ್ತಾರೆ ಎಂಬ ಆಸೆ ಆಮೇಲೆ ಹುಟ್ಟಿತು. ಆಸೆ ದೊಡ್ಡದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ಇದ್ದಬದ್ದ ಆಸ್ತಿಯನ್ನೆಲ್ಲ ಮಾರಿ ಕಡಲ ದಂಡೆಯಲ್ಲಿ ಕಾರ್ಖಾನೆ ಹಾಕಿದ. ಸರ್ಕಾರದ ರಾಕೆಟ್ ಕೆಲಸದಿಂದ ನಿವೃತ್ತಳಾದ ಹಿರಿಯ ಇಂಜಿನಿಯರ್ ಒಬ್ಬಳನ್ನು ಕರೆತಂದು ಮುಖ್ಯಸ್ಥೆಯನ್ನಾಗಿ ಮಾಡಿದ. ರಾಕೆಟ್ ಸಿದ್ಧವಾಯಿತು. ದಿವ್ಯವಾಗಿ ಮೇಲೇರಿತು. ಮರಳಿ ಬರುವಾಗ ಅದರ ಎಂಜಿನ್ ಹೊತ್ತಿಕೊಳ್ಳಲೇ ಇಲ್ಲ. ಕಲ್ಲು ಬಿದ್ದ ಹಾಗೆ ಸಮುದ್ರಕ್ಕೆ ಬಿತ್ತು.

ಇಂಜಿನಿಯರ್ ತಲೆ ತಗ್ಗಿಸಿಕೊಂಡು ಬಂದಳು. "ತಪ್ಪು ನಂದೇ. ನಮ್ಮ ಕಸುಬಿನಲ್ಲಿ ಟ್ಯಾಂಕಿನಲ್ಲಿ ಒಂದು ತೊಟ್ಟು ಇಂಧನ ಉಳಿದರೂ ಅವಮಾನ. ಮೇಲೆ ಹೋಗುವಾಗಲೇ ಎಲ್ಲಾ ಉರಿಸಿಬಿಡಬೇಕು ಅಂತ ಕಲಿತಿದ್ದು. ಲೆಕ್ಕ ಹಾಕುವಾಗ ಬರುವ ದಾರಿಗೆ ಅಂತ ಸ್ವಲ್ಪ ಇಟ್ಟಿದ್ದೆ. ಹಾರಿಸುವಾಗ ಹಳೇ ಕೈ ಅದನ್ನೂ ಉರಿಸಿಬಿಡ್ತು. ನಾನು ಕೆಲಸ ಬಿಡ್ತೀನಿ."

ವ್ಯಾಪಾರಿಗೆ ದುಃಖ ಉಮ್ಮಳಿಸಿ ಬಂತು. ಇನ್ನೊಂದು ರಾಕೆಟ್ಟಿಗೆ ಆಗುವಷ್ಟು ಸಾಮಾನು ಮಾತ್ರ ಉಳಿದಿತ್ತು. ಅದೂ ಬಿದ್ದರೆ ಕಾರ್ಖಾನೆಗೆ ಬೀಗ. ಆಮೇಲೆ ಅವನ ಮನೆಯಲ್ಲಿ ನಿಜವಾಗಿಯೂ ಮಜ್ಜಿಗೆ ಇರುತ್ತಿರಲಿಲ್ಲ. ಆದರೂ ಅವನು ಬೈಯಲಿಲ್ಲ.

"ಎಲ್ಲಿಗೆ ಹೋಗ್ತೀರಿ, ಕೂತ್ಕೊಳ್ಳಿ" ಎಂದ. "ನಮ್ಮನೇಲಿ ಅಕ್ಕಿ ಮಡಕೆ ಬರಿದು ಮಾಡಬಾರದು ಅಂತ ಒಂದು ಪದ್ಧತಿ ಇದೆ. ಎಷ್ಟೇ ಜನ ಉಣ್ಣೋಕೆ ಬರಲಿ, ತಳದಲ್ಲಿ ಒಂದು ಹಿಡಿ ಬಿಟ್ಟೇ ತೆಗೀಬೇಕು. ನಿಮ್ಮನೇಲಿ ಇಲ್ವಾ?"

"ಇದೆ" ಎಂದಳು ಅವಳು. ಆಮೇಲೆ ನಗು ತಡೆಯಲಾರದೆ, "ಮನೇಲಿ ದಿನಾ ಮಾಡ್ತೀನಿ, ಇಲ್ಲಿ ಹೊಳೀಲಿಲ್ಲ ನೋಡಿ" ಎಂದಳು.

ಅವಳು ಹೊಸ ರಾಕೆಟ್ಟಿನ ತಳದಲ್ಲಿ ಬೇರೆಯದೇ ಒಂದು ಸಣ್ಣ ಟ್ಯಾಂಕ್ ಇಟ್ಟಳು. ಅದು ಬರುವ ದಾರಿಗೆಂದು ತೆಗೆದಿಟ್ಟ ಒಂದು ಹಿಡಿ. ಅದರ ಬಾಗಿಲು ತೆರೆಯುವ ಗುಂಡಿಯನ್ನು ತನ್ನ ಮೇಜಿನ ಮೇಲೇ ಇಟ್ಟುಕೊಂಡಳು.

ಎರಡನೆಯ ರಾಕೆಟ್ ಹಾರಿತು. ಮುಟ್ಟಬೇಕಾದ ಎತ್ತರಕ್ಕೆ ಇನ್ನೇನು ಸ್ವಲ್ಪ ಉಳಿದಿದೆ ಎನ್ನುವಾಗ ಎಂಜಿನ್ ಸೊರಗತೊಡಗಿತು. "ಗುಂಡಿ ಒತ್ತಿ! ಆ ಸಣ್ಣ ಟ್ಯಾಂಕನ್ನೂ ಉರಿಸಿ!" ಎಂದು ನಿಯಂತ್ರಣ ಕೋಣೆಯಲ್ಲಿದ್ದವರೆಲ್ಲ ಕೂಗಿದರು. ಅವಳ ಕೈ ತಾನಾಗಿಯೇ ಮುಂದೆ ಹೋಯಿತು. ಮುಂದೆ ಹೋದ ಕೈಯನ್ನು ಅವಳು ಹಿಂದಕ್ಕೆಳೆದು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಎಂಜಿನ್ ಕೊನೆಯ ಗುಟುಕು ಉರಿಸಿ, ರಾಕೆಟ್ಟನ್ನು ಆ ಎತ್ತರಕ್ಕೆ ಮುಟ್ಟಿಸಿ ತಣ್ಣಗಾಯಿತು.

ರಾಕೆಟ್ ಕೆಳಗೆ ತಿರುಗಿತು. ಆಗ ಅವಳು ಗುಂಡಿ ಒತ್ತಿದಳು.

ದಂಡೆಯ ಮೇಲಿದ್ದ ಜನ ತಲೆಯೆತ್ತಿದರು. ಮೋಡದಿಂದ ಒಂದು ಬೆಂಕಿ ಕೆಳಗಿಳಿದು ಬಂತು. ನಿಧಾನವಾಯಿತು. ಮಡಿಸಿದ್ದ ಕಾಲುಗಳನ್ನು ಬಿಚ್ಚಿತು. ಸಿಮೆಂಟಿನ ಅಂಗಳದ ನಡುವೆ ನೆಟ್ಟಗೆ ನಿಂತಿತು. ಅಲ್ಲಿಯವರೆಗೆ ಆಕಾಶಕ್ಕೆ ಹೋದ ಯಾವ ರಾಕೆಟ್ಟೂ ಆ ದೇಶದಲ್ಲಿ ಮನೆಗೆ ಬಂದಿರಲಿಲ್ಲ.

ವ್ಯಾಪಾರಿ ಚಪ್ಪಲಿ ಬಿಟ್ಟು ಓಡಿದ. ಬಿಸಿಯಾಗಿದೆ ಎಂದು ಕಾವಲಿನವರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ರಾಕೆಟ್ಟಿನ ಕಾಲನ್ನು ತಬ್ಬಿಕೊಂಡು, ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಮಗುವಿನ ಹಾಗೆ ಅತ್ತ. ಅಳುತ್ತಲೇ ಕುಣಿದ. ದೂರದೂರದಿಂದ ಬಂದ ಗಿರಾಕಿಗಳು ಒಪ್ಪಂದ ಮಾಡಿಕೊಳ್ಳಲು ಶಾಮಿಯಾನದಲ್ಲಿ ಕಾದೇ ಕಾದರು. ಅವನಿಗೆ ಅವರ ನೆನಪೇ ಇರಲಿಲ್ಲ. ದಂಡೆಯಲ್ಲಿದ್ದವರನ್ನೆಲ್ಲ ಊಟಕ್ಕೆ ಕರೆದ. ಅವನೇ ನಿಂತು ಬಡಿಸಿದ.

ಮುಂದೆ ಆ ರಾಕೆಟ್ ಮತ್ತೆ ಮತ್ತೆ ಹೋಗಿ ಬಂತು. ಸ್ವಂತ ರಾಕೆಟ್ ಕಟ್ಟಲಾರದ ಪುಟ್ಟ ದೇಶಗಳ ಉಪಗ್ರಹಗಳನ್ನು ಹೊತ್ತೊಯ್ದಿತು. ಸರ್ಕಾರದವರೂ ತಮ್ಮ ದೊಡ್ಡ ದೂರದರ್ಶಕವನ್ನು ಅದರಲ್ಲೇ ಕಳಿಸಿದರು. ಕೊನೆಗೆ ಚಂದ್ರನಲ್ಲಿಗೆ ಹೊರಟ ಜನರೂ ಅಂಥದ್ದನ್ನೇ ಹತ್ತಿದರು. ಮರಳಿ ಬರುತ್ತದೆಂದು ಗೊತ್ತಿರುವ ಬಂಡಿ ಹತ್ತಲು ಯಾರಿಗೆ ಹೆದರಿಕೆ?

ಗುರುಗಳು ಕತೆ ಮುಗಿಸಿದರು. ಮರುಳಸಿದ್ಧ ಬಿಡಲಿಲ್ಲ. "ಆದರೂ ಗುರುಗಳೇ, ಅವನು ಹೊರಟಿದ್ದು ಲಾಭಕ್ಕೇ ಅಲ್ಲವೇ? ಲೋಭಿ ಲೋಭಿಯೇ ತಾನೇ?"

ಗುರುಗಳು ನಕ್ಕರು.

"ಹೊರಟವನು ಲೋಭಿಯೇ, ಒಪ್ಪಿದೆ; ರಾಕೆಟ್ಟಿನ ಕಾಲು ತಬ್ಬಿಕೊಂಡು ಅತ್ತವನು ಯಾರು, ನೀನೇ ಹೇಳು."